ಕರೆಂಟ್ ಪಾರ್ಟಿಯ ಹುಡುಗಿ

ಪುಣೆಯಿಂದ ಸಂಜೆ ಹತ್ತಿದ ರೈಲು ಲಾತೂರು, ಉದಗೀರ ದಾಟಿ ಕಮಲನಗರಕ್ಕೆ ಬಂದಾಗ ಬೆಳಗಿನ ಎಂಟೂವರೆ ಆಗಿತ್ತು. ಅಲ್ಲಿಯವರೆಗೆ ಮರಾಠಿಯಲ್ಲಿ ಕೂಗುತ್ತಿದ್ದ ಚಹಾದವನು ಅಲ್ಲಿಂದ ಮುಂದೆ "ಚಾ ತಗೋರಿ, ಚಾ" ಎನ್ನತೊಡಗಿದ. ಕಿಟಕಿಯ ಹೊರಗೆ ಹೊಲಗಳು ಸುಟ್ಟ ಇಟ್ಟಿಗೆಯ ಬಣ್ಣಕ್ಕಿದ್ದವು. ಸತತ ಎರಡನೇ ವರ್ಷವೂ ಮಳೆ ಬಂದಿರಲಿಲ್ಲ. ಭಾಲ್ಕಿ ನಿಲ್ದಾಣದಲ್ಲಿ ಕಬ್ಬಿಣದ ಟ್ರಂಕು, ಸ್ಟೋವು, ಹಗ್ಗದಿಂದ ಕಟ್ಟಿದ ಹಾಸಿಗೆ ಹೊತ್ತು ಹೈದರಾಬಾದಿನ ಕಡೆ ಹೊರಟ ಸಂಸಾರಗಳು ನಮ್ಮ ಡಬ್ಬಿಗೆ ನುಗ್ಗಿದವು. ನನ್ನ ಸೀಟಿನಲ್ಲಿ ಇನ್ನಿಬ್ಬರು ಕುಳಿತರು. ಸಣ್ಣ ಮಗುವೊಂದು ಬೀದರ ಬರುವವರೆಗೂ ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು.

ನಾನು ಇದೇ ದಾರಿಯಲ್ಲಿ, ಇಂಥದ್ದೇ ಒಂದು ಬರದ ವರ್ಷ ಬೀದರ ಬಿಟ್ಟವನು. ಭೋಸರಿಯ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಂತು ಇಪ್ಪತ್ತೆಂಟು ವರ್ಷ ಕಳೆದೆ. ಮದುವೆ, ಮಣ್ಣು ಅಂತ ಬೀದರಕ್ಕೆ ಬಂದು ಹೋಗುತ್ತಿದ್ದೆನೇ ಹೊರತು ಅದಕ್ಕಿಂತ ಮುಂದೆ ಹೋದವನಲ್ಲ. ಈ ಸಲ ಬರಲು ಕಾರಣ ಒಂದು ಫೋನು.

"ಸರ್, ಕರೆಂಟ್ ಪಾರ್ಟಿಯೊಳಗ ಡ್ರಮ್ಮು ಬಾರಸ್ತಿದ್ದವರು ನೀವೇ ಏನ್ರಿ?"

ನನ್ನ ಹೆಂಡತಿಗೂ ಆ ಹೆಸರು ಗೊತ್ತಿರಲಿಲ್ಲ. ಫೋನು ಮಾಡಿದವನು ಭಾಲ್ಕಿಯ ತುಕಾರಾಮ, ಮದುವೆ ಮೆರವಣಿಗೆಗಳಲ್ಲಿ ನುಡಿಸುವ ಬೆಂಜೊ ಪಾರ್ಟಿಯ ಮುಖ್ಯಸ್ಥ. ನಮ್ಮ ಕಾರ್ಖಾನೆಯಲ್ಲಿದ್ದ ಅವನ ಅಳಿಯನಿಂದ ನನ್ನ ನಂಬರು ಸಿಕ್ಕಿತ್ತಂತೆ. ನಮ್ಮ ಹಾಡೊಂದರ ಎರಡನೇ ನುಡಿ ಅವನಿಗೆ ಬೇಕಾಗಿತ್ತು. "ನಮ್ಮ ಕ್ಯಾಸೆಟ್ಟಿನಾಗ ಅಲ್ಲೇ ರೀಲು ಹರದದ್ರಿ. ಒಂದೊಂದು ಪಾರ್ಟಿ ಒಂದೊಂದು ಹಾಡ್ತಾವ. ಖರೆ ಯಾವ್ದು ಅಂತ ನೀವೇ ಹೇಳ್ಬೇಕು." ನನಗೂ ಅದು ಮರೆತುಹೋಗಿತ್ತು. ಅದು ಗೊತ್ತಿರಬಹುದಾದವನು ಬೀದರದಲ್ಲಿದ್ದ ಸಾಮು ಒಬ್ಬನೇ.

ಕರೆಂಟ್ ನಮ್ಮ ಬ್ಯಾಂಡಿನ ಹೆಸರು. ನಾವು ನಾಲ್ವರು, ಇಪ್ಪತ್ತರ ಆಸುಪಾಸಿನವರು. ಸಾಮು ಅಂದರೆ ಸ್ಯಾಮುವೆಲ್, ಮಂಗಲಪೇಟೆಯವನು, ಚರ್ಚಿನಲ್ಲಿ ಗಿಟಾರು ಕಲಿತಿದ್ದ, ಹಾಡುತ್ತಿದ್ದ, ಹಾಡು ಕಟ್ಟುತ್ತಿದ್ದ. ನಾನು ಡ್ರಮ್ಮು. ಉಳಿದಿಬ್ಬರು ಸಾಮುವಿನ ಸೋದರಮಾವನ ಮಕ್ಕಳು. ಹೈದರಾಬಾದಿನಿಂದ ಯಾರೋ ತಂದುಕೊಟ್ಟ ಇಂಗ್ಲಿಷ್ ಕ್ಯಾಸೆಟ್ ಒಂದನ್ನು ಸವೆಯುವವರೆಗೆ ಕೇಳಿ ಅದರ ಹಾಗೆ ಕನ್ನಡದಲ್ಲಿ ಮಾಡಲು ಹೊರಟಿದ್ದೆವು. ಅದಕ್ಕೆ ಹೊದಿಕೆಯೇ ಇರಲಿಲ್ಲವಾದ್ದರಿಂದ ಅವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮೂರು ನಿಮಿಷದ ಹಾಡು, ಜೋರು ಗಿಟಾರು, ಒಮ್ಮೆ ಕೇಳಿದರೆ ಬಾಯಿಗೆ ಹತ್ತುವ ಧಾಟಿ, ಪಲ್ಲವಿಗೆ ಎಲ್ಲರ ದನಿ. ಇಂಥ ಸಂಗೀತಕ್ಕೆ ಪವರ್ ಪಾಪ್ ಅನ್ನುತ್ತಾರೆಂದು ನನಗೆ ತಿಳಿದದ್ದು ಪುಣೆಗೆ ಹೋದ ಮೇಲೆ, ಕಾರ್ಖಾನೆಯ ಒಬ್ಬ ಗೋವಾದವನಿಂದ. ಬೀದರದ ಎರಡು ಗಣೇಶ ಮಂಟಪ, ಒಂದು ಕಾಲೇಜು, ಏಳೆಂಟು ಮದುವೆ: ನಾವು ನುಡಿಸಿದ್ದು ಇಷ್ಟೇ. ಆರು ಹಾಡುಗಳ ಒಂದು ಕ್ಯಾಸೆಟ್ ಮಾಡಿದೆವು. ಅದೇ ಬೇಸಿಗೆ ನಾನು ಪುಣೆಗೆ ಹೋದೆ, ಅವರಿಬ್ಬರು ಹೈದರಾಬಾದಿಗೆ ಹೋದರು, ಬ್ಯಾಂಡು ಮುಗಿಯಿತು.

ಸಾಮು ಕಾಳಿನ ಪೇಟೆ ಗಾಂಧಿಗಂಜಿನಲ್ಲಿದ್ದಾನೆಂದು ಅವನ ಮನೆಯಲ್ಲಿ ಹೇಳಿದರು. ಅಲ್ಲಿ ಅವನು ದಲ್ಲಾಳಿಯೊಬ್ಬನ ಅಡತ್ ಅಂಗಡಿಗಾಗಿ ಕಾಳಿನ ಸವಾಲು ಕೂಗುವ ಕೆಲಸ ಮಾಡುತ್ತಿದ್ದ. ತೊಗರಿ, ಉದ್ದು, ಹೆಸರಿನ ರಾಶಿಯ ಮುಂದೆ ನಿಂತು ದರ ಏರಿಸಿ ಏರಿಸಿ ಕೂಗುವುದು. ನಾನು ಹೋದಾಗ ಅಂಗಳದಲ್ಲಿ ರಾಶಿಗಳೇ ಇರಲಿಲ್ಲ. ಹಮಾಲರು ಖಾಲಿ ಚೀಲಗಳ ಮೇಲೆ ಮಲಗಿದ್ದರು. ಸಾಮು ತಕ್ಕಡಿಯ ಪಕ್ಕ ಕುಳಿತು ಮಂಡಕ್ಕಿ ಸುಸಲಾ ತಿನ್ನುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಲೇ ಶಿವ್ಯಾ," ಅಂದ. ಆ ದನಿ ಕೇಳಿ ನಾನು ಬೆಚ್ಚಿದೆ. ಗರಗಸದಿಂದ ಕಟ್ಟಿಗೆ ಕೊಯ್ದಂತೆ ಒರಟಾಗಿತ್ತು. ವರ್ಷಗಟ್ಟಲೆ ಕೂಗಿ ಕೂಗಿ ಗಂಟಲು ಹಾಗಾಗಿದೆಯೆಂದು ಅವನೇ ಹೇಳಿದ. "ಹಾಡೋದು ಬಿಟ್ಟು ಬಹಳ ದಿನ ಆತು. ಚರ್ಚಿನಾಗೂ ಹಾಡಂಗಿಲ್ಲ."

ತುಕಾರಾಮನ ವಿಷಯ ಹೇಳಿದೆ. ಅವನು ನಕ್ಕ. "ನಮ್ಮ ಹಾಡು ಭಾಲ್ಕಿ ಕಡಿ ಬಾರಸ್ತಾರ ಅಂತ ಕೇಳೀನಿ. ಎರಡನೇ ನುಡಿ ನನಗೂ ನೆನಪಿಲ್ಲೋ. ಬರದ ಚೀಟಿ ಎಲ್ಲಿ ಹೋತೋ ಏನೋ." ಆದರೂ ಬರಲು ಒಪ್ಪಿದ. ಪೇಟೆಗೆ ಮಾಲೇ ಬರುತ್ತಿಲ್ಲವಾದ್ದರಿಂದ ನಾಲ್ಕು ದಿನ ಇಲ್ಲದಿದ್ದರೂ ನಡೆಯುತ್ತಿತ್ತು. ಅವನ ಮನೆಯಲ್ಲಿ ಆ ದಿನ ರೊಟ್ಟಿ, ಪುಂಡಿಪಲ್ಯ ಉಂಡೆವು. ಸ್ನಾನಕ್ಕೆ ಅರ್ಧ ಬಕೆಟ್ ನೀರು ಕೊಟ್ಟು ಅವನ ಹೆಂಡತಿ, "ಇಷ್ಟರಾಗೇ ಮಾಡ್ರಿ ಅಣ್ಣಾ, ಬೇಸರ ಮಾಡ್ಕೋಬ್ಯಾಡ್ರಿ" ಅಂದರು.

ಮರುದಿನ ಬೆಳಿಗ್ಗೆ ಏಳರ ಬಸ್ಸಿಗೆ ಭಾಲ್ಕಿಗೆ ಹೊರಟೆವು. ನಲವತ್ತು ಕಿಲೋಮೀಟರು, ಒಂದು ತಾಸಿನ ದಾರಿ. ಟಿಕೆಟ್ಟಿಗೂ ನಲವತ್ತೇ ರೂಪಾಯಿ. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳಲ್ಲಿ ಕೂಳೆ ಒಣಗಿ ನಿಂತಿತ್ತು. ಸಾಮು ಕಿಟಕಿಯ ಬದಿ ಕುಳಿತು, ಯಾವ ಊರಿನ ತೊಗರಿ ಎಂಥದ್ದು ಅಂತ ಹೇಳುತ್ತ ಬಂದ. ಹಾಡಿನ ಮಾತೇ ಎತ್ತಲಿಲ್ಲ.

ತುಕಾರಾಮ ಬಸ್ ನಿಲ್ದಾಣಕ್ಕೇ ಬಂದಿದ್ದ. ನಲವತ್ತೈದರ ಆಸುಪಾಸಿನ ಗಟ್ಟಿಮುಟ್ಟಾದ ಮನುಷ್ಯ. ನಮ್ಮಿಬ್ಬರ ಕಾಲಿಗೂ ಬಗ್ಗಿದ. ನಾನು ಹಿಂದೆ ಸರಿದೆ, ಸಾಮು ಸರಿಯಲಿಲ್ಲ. ಮಾರ್ಕೆಟ್ಟಿನ ಹಿಂದೆ ತಗಡಿನ ಶೆಡ್ಡೊಂದರಲ್ಲಿ ಅವನ ಸಾಮಾನಿತ್ತು: ನಾಲ್ಕು ಚಕ್ರದ ಗಾಡಿ, ಅದರ ಮೇಲೆ ಕಟ್ಟಿದ ಸ್ಪೀಕರುಗಳು, ಜನರೇಟರು, ತಾಷೆ, ಒಂದು ಕೀಬೋರ್ಡು, ಬಟ್ಟೆ ಹೊದಿಸಿದ ಎರಡು ಬೆಂಜೊ. ತಂತಿಗಳ ಮೇಲೆ ಟೈಪ್‌ರೈಟರಿನಂತೆ ಗುಂಡಿಗಳಿರುವ ವಾದ್ಯ ಅದು. ಮರಾಠವಾಡಾದ ಗಡಿಯುದ್ದಕ್ಕೂ ಬೆಂಜೊ ಇಲ್ಲದೆ ಮದುವೆಯ ಮೆರವಣಿಗೆ ಹೊರಡುವುದಿಲ್ಲ. ಆದರೆ ನೀರಿಲ್ಲದ್ದರಿಂದ ಆ ವರ್ಷ ಮದುವೆಗಳೇ ಮುಂದಕ್ಕೆ ಹೋಗಿದ್ದವು. ಪಾರ್ಟಿಯ ಹನ್ನೊಂದು ಜನರಲ್ಲಿ ಏಳು ಜನ ಹೈದರಾಬಾದಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದರು.

ಅವನು ಬೆಂಜೊಕ್ಕೆ ವೈರು ಚುಚ್ಚಿ ನಮ್ಮ ಹಾಡು ನುಡಿಸಿದ. ಸಾಮುವಿನ ಗಿಟಾರಿನ ಮೊದಲ ಎಂಟು ಹೊಡೆತ, ಒಂದೂ ಬಿಡದೆ, ಬೆಂಜೊದ ತಂತಿಯ ಮೇಲೆ ಬಂತು. ತಾಷೆಯವನು ನನ್ನ ಡ್ರಮ್ಮಿನ ತಿರುವುಗಳನ್ನು ಬಾರಿಸಿದ. ಮೂರನೇ ಸಾಲಿನ ಕೊನೆಯಲ್ಲಿ ನಾನು ಒಂದು ಪೆಟ್ಟು ತಡವಾಗಿ ಹಾಕಿದ್ದೆ. ಅದು ತಪ್ಪು, ರಿಕಾರ್ಡಿಂಗ್ ದಿನ ಕೋಲು ಜಾರಿತ್ತು. ಅವನು ಅದನ್ನೂ ಹಾಗೆಯೇ ತಡವಾಗಿ ಹಾಕಿದ. ಆದರೆ ಎಲ್ಲವೂ ನಮಗಿಂತ ವೇಗವಾಗಿತ್ತು, ಶ್ರುತಿಯೂ ಎತ್ತರದಲ್ಲಿತ್ತು.

"ಯಾವ ಪಟ್ಟಿ ಇದು?" ಸಾಮು ಶ್ರುತಿ ಕೇಳಿದ.

"ಕರೆಂಟ್ ಪಟ್ಟಿ ರೀ," ಅಂದ ತುಕಾರಾಮ, ಸಹಜವಾಗಿ. "ಕರಿ ಎರಡಕ್ಕಿಂತ ಜರಾ ಮ್ಯಾಲ, ಬಿಳಿ ಮೂರಕ್ಕಿಂತ ಜರಾ ಕೆಳಗ. ಹಾರ್ಮೋನಿಯಂನವರು ನಮ್ಮ ಜೋಡಿ ಕುಂದ್ರಂಗೇ ಇಲ್ರಿ, ಅವರ ಪೆಟ್ಟಿಯೊಳಗ ಈ ಸ್ವರಾನೇ ಇಲ್ಲ. ಕೀಬೋರ್ಡಿನಾಗ ಗುಂಡಿ ತಿರುವಿ ಹೊಂದಸ್ಕೋಬೇಕು. ಇಲ್ಲಿಂದ ಕಮಲನಗರ, ಔರಾದ ತನಕ ಎಲ್ಲಾ ಪಾರ್ಟಿ ಇದೇ ಪಟ್ಟಿಗಿ ಕುಂತಾವ. ನೀವು ಯಾಕ ಹಿಂಗ ಹಚ್ಚಿದ್ರಿ ಅಂತ ಕೇಳಬೇಕಂತ ಬಹಳ ದಿನದಿಂದ ಇತ್ತು."

ನಾವು ಹಚ್ಚಿದ್ದು ಸಾದಾ ಬಿಳಿ ಎರಡು, ಹಾರ್ಮೋನಿಯಂನ ಎರಡನೇ ಬಿಳಿ ಮನೆ. ಸಾಮು ನನ್ನ ಮುಖ ನೋಡಿದ. ಕ್ಯಾಸೆಟ್ ಹಾಕಲು ತುಕಾರಾಮನಿಗೆ ಹೇಳಿದೆ. ಅವನು ಡಬ್ಬಿಯಿಂದ ಅದನ್ನು ತೆಗೆದು ಹಳೆಯ ಟೇಪಿನಲ್ಲಿ ಹಾಕಿದ. ಹೊದಿಕೆಯ ಮೇಲೆ ಕರೆಂಟ್ ಎಂದು ನಾನೇ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು ಗುರುತು ಸಿಕ್ಕಿತು. ಹಾಡು ಶುರುವಾಯಿತು:

ಬಾಗಲಾ ತೆಗಿ, ಗಾಳಿ ಬಂದದ
ಗಾಳಿ ಜೋಡಿ ನಾನೂ ಬಂದೀನಿ

ಹಾಡುತ್ತಿದ್ದದ್ದು ಒಂದು ಹುಡುಗಿ. ತೆಳ್ಳಗಿನ, ಚುರುಕಾದ, ಹದಿನಾರು ಹದಿನೇಳರ ಹುಡುಗಿಯ ದನಿ. ಹಿಂದಿನಿಂದ ಹುಡುಗರು ದನಿಗೂಡಿಸುತ್ತಿದ್ದರು.

ನನಗೆ ಕೂಡಲೇ ಹೊಳೆಯಿತು. ಆ ಬೇಸಿಗೆ ಬೀದರದಲ್ಲಿ ದಿನಕ್ಕೆ ಮೂರು ತಾಸು ಕರೆಂಟಿದ್ದರೆ ಹೆಚ್ಚು. ಮೊದಲ ಪ್ರತಿಗಳನ್ನು ಅಂಗಡಿಯಲ್ಲಿ ಮಾಡಿಸಿದ್ದೆವು. ಔರಾದು ಭಾಲ್ಕಿಗೆಂದು ಇನ್ನಿಪ್ಪತ್ತು ಬೇಕಾದಾಗ ನಾನೇ ಮನೆಯಲ್ಲಿ ಎರಡು ಟೇಪುಗಳನ್ನು ಎದುರುಬದುರು ಇಟ್ಟು, ಸೆಲ್ ಹಾಕಿ ನಕಲು ಮಾಡಿದೆ. ನಕಲಿನ ಟೇಪಿನ ಸೆಲ್ಲುಗಳು ಇಳಿದಿದ್ದವು. ಹೊಸ ಸೆಲ್ ತರಲಿಲ್ಲ. ಇಳಿದ ಸೆಲ್ಲಿನಿಂದ ರೀಲು ನಿಧಾನ ತಿರುಗಿ ರಿಕಾರ್ಡಾದದ್ದು, ಸರಿಯಾದ ಟೇಪಿನಲ್ಲಿ ಹಾಕಿದಾಗ ವೇಗವಾಗಿ ಓಡುತ್ತದೆ, ದನಿ ಮೇಲೇರುತ್ತದೆ. ಮೊದಲೇ ತೆಳ್ಳಗಿದ್ದ ಸಾಮುವಿನ ದನಿ ಹೀಗೆ ಹುಡುಗಿಯದಾಗಿತ್ತು. ಆ ಇಪ್ಪತ್ತು ಕ್ಯಾಸೆಟ್ಟುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಭಾಲ್ಕಿಯ ಒಂದು ಅಂಗಡಿಯಲ್ಲಿ, ಔರಾದು ಬಸ್ ನಿಲ್ದಾಣದ ಚಹಾದ ಹೋಟೆಲಿನಲ್ಲಿ ಇಟ್ಟು ಬಂದವನೂ ನಾನೇ. ಒಮ್ಮೆಯಾದರೂ ಕೇಳಿ ನೋಡಿರಲಿಲ್ಲ.

ಇದನ್ನೆಲ್ಲ ಹೇಳಿದೆ. ತುಕಾರಾಮ ಮೊದಲು ಬಾಯಿ ತೆರೆದುಕೊಂಡು ಕುಳಿತ. ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. "ಇಳಿದ ಸೆಲ್ಲಿಗಿ ಶ್ರುತಿ ಹಚ್ಚಿದಂಗಾತಲ್ರೀ ಇಷ್ಟು ವರ್ಷ!" ನಗು ನಿಂತ ಮೇಲೆ, "ಈಗ ಬದಲಾಸಾಕ ಆಗಂಗಿಲ್ರಿ. ಕೈ ಕುಂತಾವ," ಅಂದ.

ಸಾಮು ನಗಲಿಲ್ಲ. ಎದ್ದು ಶೆಡ್ಡಿನ ಹೊರಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ನಾನೂ ಹೋದೆ. ಬೇವಿನ ಮರದ ಕೆಳಗೆ ನಿಂತಿದ್ದ.

"ನನ್ನ ಹಾಡು ಇಷ್ಟು ಮಂದಿ ಕೇಳ್ಯಾರ ಅಂತ ನಿನ್ನೆಯಿಂದ ಜರಾ ಉಬ್ಬಿದ್ದೆ," ಅಂದ. "ಕೇಳಿದ್ದು ನನ್ನ ದನಿನೇ ಅಲ್ಲ."

ಕ್ಷಮಿಸು ಅನ್ನಲು ಹೋದೆ. "ಬಿಡೋ, ಇಪ್ಪತ್ತು ವರ್ಷದ ಹುಡುಗ ಇದ್ದಿ. ಸೆಲ್ಲಿಗಿ ರೊಕ್ಕ ಎಲ್ಲಿತ್ತು," ಅಂತ ಅವನೇ ಮಾತು ಮುಗಿಸಿದ. ನನಗೆ ಅದರಿಂದ ಹಗುರವೇನೂ ಆಗಲಿಲ್ಲ.

ಊಟದ ಹೊತ್ತಿಗೆ ತುಕಾರಾಮ ಇನ್ನೊಂದು ಸಂಗತಿ ಹೇಳಿದ. ಔರಾದಿನಿಂದ ಮುಂದೆ ಚಿಂತಾಕಿಯಲ್ಲಿ ಸುಜಾತಾ ಅಂತ ಅಂಗನವಾಡಿ ಟೀಚರೊಬ್ಬರಿದ್ದಾರೆ. ಇಪ್ಪತ್ತೈದು ವರ್ಷಕ್ಕೂ ಮೇಲಾಗಿ ಜಯಂತಿ ಉತ್ಸವಗಳಲ್ಲಿ, ಮದುವೆಗಳಲ್ಲಿ ಮೈಕಿನ ಮುಂದೆ ನಿಂತು ಹಾಡುತ್ತಾರೆ. ಈಗ ಐದು ಹುಡುಗಿಯರನ್ನು ಸೇರಿಸಿ ಪಾರ್ಟಿ ಕಟ್ಟಿದ್ದಾರೆ. "ಅವರು ಹಾಡಾಕ ಶುರು ಮಾಡಿದ್ದೇ ನಿಮ್ಮ ಕ್ಯಾಸೆಟ್ ಕೇಳಿ. ಬೀದರದಾಗ ಒಂದು ಹುಡುಗಿ ಹುಡುಗರ ಜೋಡಿ ನಿಂತು ಹಾಡ್ತಾಳ ಅಂತ. ನೀವು ಬರ್ತೀರಿ ಅಂತ ನಿನ್ನೆ ಹೇಳಿದೆ. ಆ ಹುಡುಗಿನೂ ಬರ್ತಾಳೇನು ಅಂತ ಕೇಳಿದ್ರು." ಅವನು ನಮ್ಮಿಬ್ಬರನ್ನೂ ನೋಡಿ ದನಿ ತಗ್ಗಿಸಿದ. "ಹೋಗ್ರಿ. ಆದ್ರ ಈ ಸೆಲ್ಲಿನ ಮಾತು ಅವರಿಗಿ ಹೇಳಬ್ಯಾಡ್ರಿ."

ನಾನು ಹೋಗುವುದು ಬೇಡ ಅಂದೆ. ಸಾಮು ಹೋಗೋಣ ಅಂದ. ಯಾಕೆಂದು ಕೇಳಿದರೆ, "ನೋಡ್ಬೇಕು," ಎಂದಷ್ಟೇ ಹೇಳಿದ.

ಆ ದಿನ ತುಕಾರಾಮನ ಮನೆಯಲ್ಲೇ ಉಳಿದು, ಮೂರನೇ ದಿನ ಬೆಳಿಗ್ಗೆ ಔರಾದಿನ ಬಸ್ಸು ಹಿಡಿದೆವು. ದಾರಿಯಲ್ಲಿ ಮಾಂಜ್ರಾ ಸೇತುವೆ ಬಂತು. ಹೊಳೆಯಲ್ಲಿ ನೀರಿರಲಿಲ್ಲ. ಮರಳಿನಲ್ಲಿ ಹೆಂಗಸರು ವರತೆ ತೋಡಿ ಬಟ್ಟಲಿನಿಂದ ಮೊಗೆದು ಕೊಡ ತುಂಬುತ್ತಿದ್ದರು. ಔರಾದಿನ ಬಸ್ ನಿಲ್ದಾಣದಲ್ಲಿ ನಾನು ಕ್ಯಾಸೆಟ್ ಇಟ್ಟಿದ್ದ ಚಹಾದ ಹೋಟೆಲನ್ನು ಹುಡುಕಿದೆ. ಅಲ್ಲಿ ಮೊಬೈಲ್ ಅಂಗಡಿ ಇತ್ತು. ಮಿರ್ಚಿ ಭಜಿ ತಿಂದು, ಜೀಪಿನಲ್ಲಿ ಹದಿಮೂರನೆಯವರೂ ಹದಿನಾಲ್ಕನೆಯವರೂ ಆಗಿ ಚಿಂತಾಕಿಗೆ ಹೋದೆವು. ದಾರಿಯಲ್ಲಿ ಇಬ್ಬರೂ ಏನು ಹೇಳಬೇಕೆಂದು ಮಾತಾಡಿಕೊಳ್ಳಲಿಲ್ಲ. ಮಾತಾಡಿಕೊಳ್ಳಬೇಕಿತ್ತು.

ಸುಜಾತಾ ಅವರ ಮನೆ ಬುದ್ಧವಿಹಾರದ ಹಿಂದಿನ ಓಣಿಯಲ್ಲಿತ್ತು. ನಲವತ್ತು ದಾಟಿದ, ಎತ್ತರದ, ನೇರ ನಿಲುವಿನ ಹೆಂಗಸು. ಬಾಗಿಲಲ್ಲೇ ನಿಂತು ನಮ್ಮ ಹಿಂದೆ ಇನ್ನಾರಾದರೂ ಇದ್ದಾರೋ ಎಂದು ಓಣಿಯನ್ನು ನೋಡಿದರು. ಯಾರೂ ಇರಲಿಲ್ಲ. "ಬರ್ರಿ ಅಣ್ಣೋರ, ಒಳಗ ಬರ್ರಿ," ಅಂದರು. ಪಡಸಾಲೆಯಲ್ಲಿ ಐದು ಹುಡುಗಿಯರು ಸಾಲಾಗಿ ಕುಳಿತಿದ್ದರು. ಒಬ್ಬಳ ಮುಂದೆ ಕೀಬೋರ್ಡು, ಒಬ್ಬಳ ಮುಂದೆ ಢೋಲಕಿ. ಮೂಲೆಯಲ್ಲಿ ತಲೆಗೆ ಟವೆಲು ಸುತ್ತಿದ ಗಂಡಸೊಬ್ಬರಿದ್ದರು. ಢೋಲಕಿ ಹುಡುಗಿ ಅಂಜಲಿಯ ತಂದೆ ಮಾಣಿಕ ಎಂದು ಸುಜಾತಾ ಪರಿಚಯಿಸಿದರು. ಗೌಂಡಿ ಕೆಲಸದವರು, ಮರುದಿನ ಸಂಸಾರಸಮೇತ ಹೈದರಾಬಾದಿಗೆ ಹೊರಟಿದ್ದರು.

ಚಹಾ ಬಂತು. ಸುಜಾತಾ ತಮ್ಮ ಕತೆ ಹೇಳಿದರು. ಅವರ ತಂದೆ ಸಾಲಿ ಮಾಸ್ತರರು. ಔರಾದಿನಿಂದ ಒಂದು ಸಲ ನಮ್ಮ ಕ್ಯಾಸೆಟ್ ತಂದರು. ಆಗ ಸುಜಾತಾಗೆ ಹದಿನಾಲ್ಕು.

"ಆಕಿ ದನಿ ಕೇಳಿ ನಾ ಅವತ್ತು ಉಣ್ಣಲೇ ಇಲ್ರಿ. ಬಾಗಲಾ ತೆಗಿ, ನಾನೂ ಬಂದೀನಿ ಅಂತಾಳಲ್ರೀ. ಒಂದು ಹುಡುಗಿ ಹೊರಗ ನಿಂತು ಹಿಂಗ ಕೇಳ್ತಾಳಂದ್ರ ಎಷ್ಟು ಧೈರ್ಯ ಅಂತ ಅನಿಸ್ತು. ನಾ ಜಯಂತಿಯೊಳಗ ಹಾಡ್ತೇನಿ ಅಂದಾಗ ಊರಾಗ ಬ್ಯಾಡ ಅಂದ್ರು. ನಮ್ಮಪ್ಪ ಕ್ಯಾಸೆಟ್ ಹಚ್ಚಿ ಎಲ್ಲರಿಗೂ ಕೇಳಿಸಿದ. ಬೀದರದಾಗ ಆ ಹುಡುಗಿ ನಾಲ್ಕು ಹುಡುಗರ ನಡುವ ನಿಂತು ಹಾಡ್ತಾಳ, ಆಕಿ ಅಪ್ಪಗ ಇಲ್ಲದ ನಾಚಿಕಿ ನನಗ್ಯಾಕ, ಅಂದ. ಅವತ್ತಿನಿಂದ ಹಾಡ್ಲಿಕತ್ತೀನಿ."

ಆ ಹಾಡನ್ನು ಸಾಮು ಬರೆದದ್ದು ಹುಡುಗನೊಬ್ಬ ಹುಡುಗಿಯ ಮನೆಯ ಮುಂದೆ ನಿಂತು ಹಾಡುವ ಹಾಗೆ. ಆದರೆ ಕನ್ನಡದಲ್ಲಿ ಬಂದೀನಿ ಅಂದರೆ ಬಂದದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ನಾನು ಸಾಮುವಿನ ಕಡೆ ನೋಡಲಿಲ್ಲ.

ಹುಡುಗಿಯರು ಹಾಡಿದರು. ಅದೇ ಕರೆಂಟ್ ಪಟ್ಟಿ, ಅದೇ ವೇಗ. ಎರಡನೇ ನುಡಿ ಬಂದಾಗ ಉಳಿದವರು ಹಾಡು ನಿಲ್ಲಿಸಿದರು, ಸುಜಾತಾ ಒಬ್ಬರೇ ಹಾಡಿದರು:

ಕೀಲಿ ನಿಮ್ಮ ಬಲ್ಲಿ ಇರಲಿ
ದನಿ ನನ್ನ ಬಲ್ಲಿ ಅದ

ಸಾಮು ಮುಂದಕ್ಕೆ ಬಾಗಿದ. "ಈ ನುಡಿ ಯಾರದು?"

"ನಂದೇ ರೀ. ನಮ್ಮ ಕ್ಯಾಸೆಟ್ಟಿನಾಗೂ ಅಲ್ಲಿ ರೀಲು ಸುರುಳಿ ಆಗಿತ್ತು, ಏನೂ ತಿಳೀತಿದ್ದಿಲ್ಲ. ಆಕಿ ಹಿಂಗೇ ಅಂದಿರಬೇಕು ಅಂತ ಹಚ್ಚಿದೆ. ತಪ್ಪಾದ್ರ ತಿದ್ದರಿ."

"ಇಲ್ರಿ. ಇದೇ ಇರಲಿ," ಅಂದ ಸಾಮು. ಅಲ್ಲೇ ಭಾಲ್ಕಿಗೆ ಫೋನು ಹಚ್ಚಿ, ತುಕಾರಾಮನಿಗೆ ಆ ಎರಡು ಸಾಲು ಹೇಳಿ ಬರೆಸಿದ. ಖರೆ ನುಡಿ ಇದೇ ಅಂದ.

ಆಗ ಮೂಲೆಯಲ್ಲಿದ್ದ ಮಾಣಿಕ ಮೊದಲ ಸಲ ಬಾಯಿಬಿಟ್ಟರು. ನೇರವಾಗಿ ಸಾಮುವನ್ನೇ ಕೇಳಿದರು.

"ಅಣ್ಣೋರ, ನಾವು ನಾಳಿ ಹೊಂಟೀವಿ. ಅಂಜಲಿಗಿ ಇಲ್ಲೇ ಬಿಟ್ಟು ಹೋಗು, ಸಾಲಿ ಕಲೀತಾಳ, ಹಾಡ್ತಾಳ ಅಂತಾರ ಟೀಚರ್. ನನಗ ಹಾಡಿಂದು ಏನೂ ಇಲ್ಲ. ಆದ್ರ ಹಾಡಾಕಿ ಅಂತ ಹೆಸರಾದ್ರ ಮುಂದ ಹ್ಯಾಂಗ? ನಿಮ್ಮ ಪಾರ್ಟಿಯೊಳಗ ಇದ್ದಳಲ್ಲ, ಆ ಹುಡುಗಿ. ಆಕಿ ಬದುಕು ಹ್ಯಾಂಗಾತು? ಲಗ್ನ ಆತೇನು? ಛಲೋ ಇದ್ದಾಳೇನು? ಅದೊಂದು ಹೇಳ್ರಿ, ಸಾಕು."

ಪಡಸಾಲೆಯಲ್ಲಿ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನನ್ನ ಬಾಯಲ್ಲಿ ಸುಳ್ಳು ಸಿದ್ಧವಾಗಿತ್ತು. ಲಗ್ನ ಆಗ್ಯದ, ಇಬ್ಬರು ಮಕ್ಕಳು, ಸೋಲಾಪುರದಾಗ ಟೀಚರ್ ಇದ್ದಾಳ ಅನ್ನಬೇಕೆಂದು ಊರನ್ನೂ ಸೇರಿಸಿ ಯೋಚಿಸಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಸಾಮು ಹೇಳಿಬಿಟ್ಟ.

"ಆ ಹುಡುಗಿ ಇಲ್ರಿ. ಹಾಡಿದಾಂವ ನಾನು."

ಯಾರಿಗೂ ಅರ್ಥವಾಗಲಿಲ್ಲ. ನಾನು ಸೆಲ್ಲಿನ ಕತೆ ಎರಡು ಸಲ ಹೇಳಬೇಕಾಯಿತು. ಎರಡನೇ ಸಲ ಹೇಳುವಾಗ ಸುಜಾತಾ ಎದ್ದು ಒಳಗೆ ಹೋದರು. ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಮಾಣಿಕ ನೆಲ ನೋಡುತ್ತ ಕುಳಿತರು.

ಅವರು ಹೊರಗೆ ಬಂದಾಗ ಮುಖ ತೊಳೆದಿದ್ದರು. "ನಮ್ಮಪ್ಪ ಸಾಯೋತನಕ ಮಂದಿಗಿ ಆ ಹುಡುಗಿ ಸುದ್ದಿ ಹೇಳಿದ," ಅಂದರು. "ಸುಳ್ಳು ಹೇಳಿದಂಗಾತಲ್ರೀ."

"ಅವರು ಸುಳ್ಳು ಹೇಳಿಲ್ರಿ ಅಕ್ಕಾ. ಕೇಳಿದ್ದು ಹೇಳ್ಯಾರ," ಅಂದ ಸಾಮು.

"ಹಂಗಾದ್ರ ಬೀದರದಾಗ ಯಾವ ಹುಡುಗಿನೂ ಹಂಗ ನಿಂತು ಹಾಡಿಲ್ಲ?"

"ನಮಗ ಗೊತ್ತಿದ್ದಂಗ ಆವಾಗ ಯಾರೂ ಇಲ್ರಿ."

"ಹುಡುಗರ ಜೋಡಿ, ಮೈಕ್ ಮುಂದ?"

"ಇಲ್ರಿ."

ಸುಜಾತಾ ನಮ್ಮನ್ನು ಬಿಟ್ಟು ಮಾಣಿಕರ ಕಡೆ ತಿರುಗಿದರು.

"ಮಾಣಿಕಣ್ಣಾ, ಮೊದ್ಲು ಹಾಡಿದಾಕಿ ಬದುಕು ಹ್ಯಾಂಗಾತು ಅಂತ ಕೇಳಿದಿ. ಮೊದ್ಲಿನಾಕಿ ನಾನೇ ಅಂತ ಆತು. ನನ್ನ ಲಗ್ನಕ್ಕ ನೀ ಬಂದು ಉಂಡೀದಿ. ನನ್ನ ಮನಿ, ನನ್ನ ಮಕ್ಕಳು, ನನ್ನ ನೌಕರಿ ದಿನಾ ನೋಡ್ತಿ. ಛಲೋ ಇದ್ದೀನೋ ಇಲ್ಲೋ, ನೀನೇ ಹೇಳು."

ಮಾಣಿಕ ಟವೆಲು ಬಿಚ್ಚಿ ಮುಖ ಒರೆಸಿಕೊಂಡು, "ನೋಡಮು," ಅಂದು ಎದ್ದು ಹೋದರು. ಅಂಜಲಿ ಢೋಲಕಿ ಗೋಡೆಗಾನಿಸಿ ತಂದೆಯ ಹಿಂದೆ ಹೋದಳು.

ಸಂಜೆಗೆ ಔರಾದಿಗೆ ಗಾಡಿ ಇರಲಿಲ್ಲ. ಸುಜಾತಾ ಅವರ ಮನೆಯಲ್ಲೇ ಉಳಿದೆವು. ಅವರ ಗಂಡ ಹೊಲದಿಂದ ಬಂದು ನಮ್ಮ ಜೊತೆ ಮಾತಾಡುತ್ತ ಕುಳಿತರು. ಬೋರ್ ಬತ್ತಿದ ಮಾತು, ತೊಗರಿಯ ಮಾತು. ಸಾಮು ಅದರಲ್ಲಿ ಹುರುಪಿನಿಂದ ಸೇರಿಕೊಂಡ. ಊಟಕ್ಕೆ ಮೊದಲು ಸುಜಾತಾ ಅವನ ಎದುರು ಬಂದು ಕುಳಿತರು.

"ನಿಮ್ಮ ದನಿಯೊಳಗ ಒಂದು ಸಲ ಹಾಡ್ರಿ. ನಾ ಕೇಳೇ ಇಲ್ಲಲ್ಲ."

ಅವನು ಬಹಳ ಬೇಡ ಅಂದ. ಕೊನೆಗೆ ಹಾಡಿದ, ತನ್ನ ಬಿಳಿ ಎರಡಕ್ಕಿಂತಲೂ ಕೆಳಗೆ, ನಿಧಾನವಾಗಿ, ಸವಾಲು ಕೂಗಿ ಕೆಟ್ಟ ಗಂಟಲಿನಲ್ಲಿ. ಪಕ್ಕದ ಮನೆಯ ಮಕ್ಕಳು ನಕ್ಕರು. ಎರಡನೇ ನುಡಿಗೆ ಅವನು ಸುಜಾತಾ ಅವರ ಸಾಲುಗಳನ್ನೇ ಹಾಡಿದ, ತನ್ನದೆಂಬಂತೆ. ಸುಜಾತಾ ಕಣ್ಣು ಮುಚ್ಚಿ ಕೇಳಿದರು.

"ಹಿಂಗಿತ್ತೇನು," ಅಂದರು. "ಇದೇ ಕೇಳಿದ್ರ ನಾ ಹಾಡ್ತಿದ್ದಿಲ್ಲ ಬಿಡ್ರಿ."

ಅವರು ನಕ್ಕರು. ಸಾಮುವೂ ನಕ್ಕ. ಭಾಲ್ಕಿ ಬಿಟ್ಟ ಮೇಲೆ ಅವನು ಮೊದಲ ಸಲ ನಕ್ಕದ್ದು ಆಗ.

ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೇ ಬಿಸಿಲು ಏರಿತ್ತು. ಬೀದರಕ್ಕೆ ನೇರ ಬಸ್ಸು ಏಳಕ್ಕೆ. ನಿಲ್ದಾಣದ ಆಲದ ಮರದ ಕೆಳಗೆ ಮಾಣಿಕರ ಟೆಂಪೊ ನಿಂತಿತ್ತು. ಮೂರು ಸಂಸಾರಗಳ ಸಾಮಾನು ಅದರಲ್ಲಿತ್ತು. ಅಂಜಲಿ ಕೂಸನ್ನು ಎತ್ತಿಕೊಂಡು ಮೇಲೆ ಕುಳಿತಿದ್ದಳು. ನಮ್ಮನ್ನು ಕಳಿಸಲು ಬಂದ ಸುಜಾತಾ ಅವಳನ್ನು ನೋಡಿದರು. ಚಾಲಕ ಎರಡು ಸಲ ಹಾರ್ನ್ ಹಾಕಿದ.

ಮಾಣಿಕ ಟೆಂಪೊದ ಹಿಂದೆ ಹೋಗಿ ಹೆಂಡತಿಯ ಜೊತೆ ಏನೋ ಮಾತಾಡಿದರು. ಮಾತು ಉದ್ದವಾಯಿತು. ಹೆಂಡತಿ ಮುಖ ತಿರುಗಿಸಿ ಕುಳಿತಳು. ಕೂಸು ಅಂಜಲಿಯ ತೋಳಿನಿಂದ ತಾಯಿಯ ತೋಳಿಗೆ ಹೋಯಿತು. ಆಮೇಲೆ ಮಾಣಿಕ ಒಂದು ಬಟ್ಟೆಯ ಚೀಲ ಹಿಡಿದು ಬಂದರು, ಹಿಂದೆ ಅಂಜಲಿ ಬಂದಳು.

"ಜೂನಿಗಿ, ಮಿರಗಕ್ಕ ಮಳಿ ಆದ್ರ ಬರ್ತೇವಿ," ಅಂದರು ಸುಜಾತಾ ಅವರಿಗೆ. "ಅಲ್ಲಿತನಕ ಇಕಿ ನಿಮ್ಮ ಬಲ್ಲಿ ಇರ್ಲಿ ಟೀಚರ್ ಬಾಯಿ. ಜೋಳ ಒಂದು ಚೀಲ ಮನಿಯಾಗದ, ತಗೋರಿ."

"ಜೋಳ ಬ್ಯಾಡ," ಅಂದರು ಸುಜಾತಾ.

"ತಗೋರಿ," ಅಂದು ಅವರು ಹೋಗಿ ಟೆಂಪೊ ಹತ್ತಿದರು.

ನಮ್ಮ ಬಸ್ಸು ಬಂತು. ಸಾಮು ಸುಜಾತಾ ಅವರಿಗೆ ಕೈ ಮುಗಿದ, ಅವರೂ ಕೈ ಮುಗಿದರು. ಒಳಗೆ ಕಿಟಕಿ ಬದಿ ಕುಳಿತು, "ಮುಂದಿನ ಜಯಂತಿಗಿ ಬರ್ರಿ ಅಂದಾರ ಟೀಚರ್," ಅಂದ ನನಗೆ. ಹೋಗುತ್ತೀಯಾ ಅಂದೆ. "ಹಾಡಾಕಲ್ಲ, ಕೇಳಾಕ," ಅಂದ.

ಬಸ್ಸು ತಿರುಗುವಾಗ ಹಿಂದೆ ನೋಡಿದೆ. ಟೆಂಪೊ ಧೂಳೆಬ್ಬಿಸಿಕೊಂಡು ಹೈದರಾಬಾದಿನ ದಾರಿ ಹಿಡಿದಿತ್ತು. ಅಂಜಲಿ ಚೀಲ ಎದೆಗವಚಿಕೊಂಡು ಅದನ್ನೇ ನೋಡುತ್ತ ನಿಂತಿದ್ದಳು. ಅವಳ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ. ಸುಜಾತಾ ಅವಳನ್ನು ಕರೆಯಲಿಲ್ಲ, ಮುಟ್ಟಲೂ ಇಲ್ಲ, ಪಕ್ಕದಲ್ಲಿ ನಿಂತಿದ್ದರು. ಅಷ್ಟರಲ್ಲಿ ಊರೊಳಗಿಂದ ನೀರಿನ ಟ್ಯಾಂಕರಿನ ಸದ್ದು ಕೇಳಿಸಿತು. ಇಬ್ಬರೂ ಒಮ್ಮೆಗೇ ತಿರುಗಿ, ಕೊಡ ತರಲು ಮನೆಯ ಕಡೆ ಓಡಿದರು.